ಮಕ್ಕಳ ಚಿತ್ರವೂ ನಮ್ಮ ಬಹುಮಾನವೂ

(ವಟ್ವಾದಲ್ಲಿ ನೆರೆದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಸಂಘದ ಹಿರಿಯರೇ, ತಾಯಂದಿರೇ, ಮತ್ತು ಮುಂದಿನ ಚಾಪೆಯ ಮೇಲೆ ಕುಳಿತು ಈ ಮುದುಕ ಯಾವಾಗ ಮಾತು ಮುಗಿಸುವನೋ ಎಂದು ಕಾಯುತ್ತಿರುವ ಮಕ್ಕಳೇ,

ರಾಜ್ಯೋತ್ಸವದ ದಿನ ಭಾಷಣಕ್ಕೆ ನಿಂತವರು ಕದಂಬರಿಂದ ಹೊರಟು, ಹಂಪೆಯಲ್ಲಿ ಸ್ವಲ್ಪ ಹೊತ್ತು ಕಣ್ಣೀರಿಟ್ಟು, 1956ರ ನವೆಂಬರ್ ಒಂದಕ್ಕೆ ಬಂದು ಮುಟ್ಟುವುದು ವಾಡಿಕೆ. ಆ ದಾರಿಯಲ್ಲಿ ನನಗಿಂತ ಚೆನ್ನಾಗಿ ನಡೆಯಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವನು. ಕಾಗದ, ಬಣ್ಣ, ಮಕ್ಕಳ ಕೈ ಈ ಮೂರರ ಹೊರತು ನನಗೆ ಬೇರೆ ಶಾಸ್ತ್ರ ಬಾರದು. ಅದರಲ್ಲಿಯೂ ಹೋದ ವರ್ಷ ಒಂದು ತಪ್ಪು ಮಾಡಿದೆ. ಇಂದಿನ ಮಾತನ್ನು ಆ ತಪ್ಪಿನಿಂದಲೇ ಆರಂಭಿಸುವೆನು.

ತಮಗೆ ನೆನಪಿರಬಹುದು. ಹೋದ ವರ್ಷದ ಹಬ್ಬಕ್ಕೆ ಮಕ್ಕಳ ಚಿತ್ರಸ್ಪರ್ಧೆ ನಡೆಯಿತು. ವಿಷಯ ‘ನಮ್ಮ ಊರು’. ತೀರ್ಪುಗಾರ ನಾನೊಬ್ಬನೇ. ಮೂವತ್ತಕ್ಕೂ ಮಿಕ್ಕಿ ಚಿತ್ರಗಳು ಬಂದವು. ಮೊದಲನೆಯ ಬಹುಮಾನವನ್ನು ಯಾವುದಕ್ಕೆ ಕೊಟ್ಟೆನೆಂದರೆ: ಎರಡು ಗುಡ್ಡ, ನಡುವೆ ನಗುವ ಸೂರ್ಯ, ಗುಡ್ಡದಿಂದ ಇಳಿದ ನೀಲಿ ಹೊಳೆ, ದಡದಲ್ಲಿ ತೆಂಗಿನ ಮರ, ಒಂದು ಗುಡಿಸಲು. ಬರೆದ ಹುಡುಗ ವಟ್ವಾದಲ್ಲಿಯೇ ಹುಟ್ಟಿದವನು. ವಟ್ವಾದಲ್ಲಿ ಗುಡ್ಡ ಎಲ್ಲಿದೆ? ಅಂಥ ಹೊಳೆ ಎಲ್ಲಿದೆ? ಆದರೂ ಗೆರೆ ಶುದ್ಧವಾಗಿತ್ತು, ಬಣ್ಣ ಅಂಚು ದಾಟಿರಲಿಲ್ಲ, ಕೊಟ್ಟುಬಿಟ್ಟೆ. ಆ ಚಿತ್ರದಲ್ಲಿ ಅವನ ತಂದೆಯವರ ಕೈ ಎಷ್ಟಿತ್ತೋ ನಾನು ಕೇಳಲು ಹೋಗಲಿಲ್ಲ.

ಅದೇ ರಾಶಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಚಿತ್ರವಿತ್ತು. ಒಂದು ಚಿಮಣಿ, ಒಂದು ಗೋಡೆ, ಗೋಡೆಯ ಪಕ್ಕದಲ್ಲಿ ಕಾಲುವೆ, ಅದರ ದಡದಲ್ಲೊಂದು ಎಮ್ಮೆ. ಕಾಲುವೆಯ ನೀರು ಕೆಂಪು. ಕೆಂಪೆಂದರೆ ಬರಿಯ ಕೆಂಪಲ್ಲ, ಬೀಟ್‌ರೂಟು ಬೇಯಿಸಿದ ನೀರಿನ ಹಾಗೆ ನೇರಳೆಗೆ ತಿರುಗಿದ ಕೆಂಪು. ನಾನು ಅದನ್ನು ಪಕ್ಕಕ್ಕಿಟ್ಟೆ. ಇಟ್ಟದ್ದು ಸಾಲದೆಂದು ಹಿಂದಿನ ಬದಿಗೆ ಪೆನ್ಸಿಲಿನಿಂದ ‘ನೀರು ನೀಲಿ ಇರಬೇಕು’ ಎಂದು ಬರೆದೆ. ಮೂವತ್ತು ವರ್ಷದ ಚಾಳಿ! ಅವಳು ಚಿತ್ರವನ್ನು ತೆಗೆದುಕೊಂಡಳು, ಹಿಂದೆ ತಿರುಗಿಸಿ ಓದಿದಳು, ಏನೂ ಹೇಳದೆ ಹೋದಳು.

ವಾರದ ಮೇಲೆ ಸ್ಟೇಷನ್ನಿನಿಂದ ಮನೆಗೆ ಬರುವಾಗ ರಿಕ್ಷಾ ಸಿಗದೆ ಆ ಕಾಲುವೆಯ ದಾರಿಯಲ್ಲಿ ನಡೆದೆ. ನೀರು ಅದೇ ಬಣ್ಣ. ಅವಳು ಕಲಸಿದ ಬಣ್ಣಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎಮ್ಮೆಯೂ ಇತ್ತು. 1962ರಲ್ಲಿ ಸ್ಥಾಪನೆಯಾದ ಕೈಗಾರಿಕಾ ನಿಗಮದ ಎಸ್ಟೇಟು ಬಂದಂದಿನಿಂದ ಬಣ್ಣದ ಕಾರಖಾನೆಗಳಿಗೆ ಹೆಸರಾದ ಊರು ನಮ್ಮದು. ಅಂಥ ಊರಿನಲ್ಲಿ ಬಣ್ಣ ಕಲಿಸಿ ಹೊಟ್ಟೆ ಹೊರೆದ ನಾನು ಊರ ನೀರಿನ ಬಣ್ಣವನ್ನೇ ನೋಡಿರಲಿಲ್ಲ. ಒಂಬತ್ತು ವರ್ಷದ ಮಗು ನೋಡಿತ್ತು. ಅವಳ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟರು. ಚಿತ್ರ ಅಡಿಗೆಮನೆಯ ಡಬ್ಬಿಗಳ ಕೆಳಗೆ ಹಾಸಿಗೆಯಾಗಿತ್ತು. ‘ಈಗ ಅವಳು ಚಿತ್ರ ಬರೆಯುವುದಿಲ್ಲ, ಮಾಸ್ತರೇ. ನನಗೆ ಬರುವುದಿಲ್ಲ ಅನ್ನುತ್ತಾಳೆ’ ಎಂದರು.

ನನ್ನ ಕಣ್ಣಿನ ದೋಷ ಹಾಗಿರಲಿ. ಅದಕ್ಕಿಂತ ದೊಡ್ಡ ದೋಷ ನಮ್ಮ ಏರ್ಪಾಡಿನಲ್ಲಿಯೇ ಇದೆಯೆಂದು ಆಮೇಲೆ ತೋರಿತು. ಮೂವತ್ತು ಮಕ್ಕಳನ್ನು ಕೂಡಿಸುತ್ತೇವೆ, ಮೂವರಿಗೆ ಬಹುಮಾನ ಕೊಡುತ್ತೇವೆ, ಉಳಿದ ಇಪ್ಪತ್ತೇಳು ಜನರಿಗೆ ‘ನಿಮಗೆ ಚಿತ್ರ ಬಾರದು’ ಎಂದು ಕಲಿಸಿ ಮನೆಗೆ ಕಳಿಸುತ್ತೇವೆ. ಕನ್ನಡದ ಹಬ್ಬದ ದಿನ ಮಾಡುವುದಕ್ಕೆ ನಮಗೆ ಬೇರೆ ಕೆಲಸವಿಲ್ಲವೆ?

ಒಬ್ಬೊಬ್ಬ ಹುಡುಗ ಒಂದೊಂದು ಬೆಂಚಿನಲ್ಲಿ ಕುಳಿತು, ಪಕ್ಕದವನ ಹಾಳೆಯನ್ನು ನೋಡಿದರೆ ಪಾಪವೆಂದು ತಿಳಿದು ಚಿತ್ರ ಬರೆಯುವ ಈ ಪದ್ಧತಿ ನಮ್ಮಲ್ಲಿಗೆ ಬಂದದ್ದು ಪರೀಕ್ಷೆಯ ಬಾಗಿಲಿನಿಂದ. ನನ್ನ ತಂದೆಯವರು ಧಾರವಾಡದಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಮುಂಬಯಿ ಸರಕಾರದ ಎಲಿಮೆಂಟರಿ, ಇಂಟರ್ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಹುಡುಗರನ್ನು ತಯಾರು ಮಾಡುವುದು ಅವರ ಕೆಲಸ. ಧಾರವಾಡ, ಬೆಳಗಾವಿ, ಬಿಜಾಪುರಗಳು 1956ರವರೆಗೆ ಮುಂಬಯಿಯ ಮಡಿಲಿನಲ್ಲಿದ್ದವು. ಗುಜರಾತ ಹೊರಬಂದದ್ದು 1960ರ ಮೇ ಒಂದರಂದು. ಹೀಗಾಗಿ ನನ್ನ ತಂದೆಯ ಹುಡುಗನೂ ಅಹಮದಾಬಾದಿನ ಹುಡುಗನೂ ಒಂದೇ ಹೂಜಿಯನ್ನು, ಒಂದೇ ಘನಾಕೃತಿಯನ್ನು, ಒಂದೇ ಬಗೆಯ ನೆರಳನ್ನು ಬರೆದು ಪಾಸಾದರು. ಆ ಪರೀಕ್ಷೆಯನ್ನು ನಾನು ಹಳಿಯಲಾರೆ. ನಮ್ಮ ಮನೆಯ ಒಲೆ ಉರಿದದ್ದು ಅದರಿಂದ. ಕೈಗೆ ಅದು ಶಿಸ್ತನ್ನು ಕೊಟ್ಟಿತು. ಆದರೆ ಚಿತ್ರವೆಂದರೆ ಅದೊಂದೇ ಎಂದು ನಾವು ನಂಬಿಬಿಟ್ಟೆವು.

ನಮ್ಮ ಎರಡು ನಾಡುಗಳ ಜನರೂ ಮನೆಯಲ್ಲಿ ಚಿತ್ರ ಬರೆದದ್ದು ಹಾಗಲ್ಲ. ಸಾಗರ, ಸೊರಬದ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ದೀವರ ಮನೆಗಳ ಹಸೆ ಚಿತ್ತಾರವನ್ನು ಕಂಡಿರುತ್ತಾರೆ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಯ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆಯ ಬೀಜ. ಕುಂಚವೆಂದರೆ ಪುಂಡಿಯ ನಾರು. ಬರೆಯುವವರು ಹೆಂಗಸರು, ಒಬ್ಬಳು ಎಳೆದ ಗೆರೆಯ ತುದಿಯನ್ನು ಇನ್ನೊಬ್ಬಳು ಹಿಡಿದು ಮುಂದುವರಿಸುತ್ತಾಳೆ, ಬಾಯಲ್ಲಿ ಹಾಡು ನಡೆದಿರುತ್ತದೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಇದೇ ಚಿತ್ತಾರ. ಪಕ್ಕದಲ್ಲಿ ಕುಳಿತ ಮಗು ಕಲಿಯುವುದು ಹೀಗೆ. ಅದಕ್ಕೆ ಪ್ರತ್ಯೇಕವಾಗಿ ಯಾರೂ ಹಾಳೆ ಕೊಡುವುದಿಲ್ಲ, ಗೋಡೆಯ ಒಂದು ಮೂಲೆ ಕೊಡುತ್ತಾರೆ.

ಇನ್ನು ಇಲ್ಲಿಯದನ್ನು ನೋಡಿರಿ. ವಡೋದರೆಯ ಪೂರ್ವಕ್ಕೆ ಛೋಟಾ ಉದಯಪುರದ ಸೀಮೆಯಲ್ಲಿ ರಾಠವಾ ಜನರಿದ್ದಾರೆ. ಮನೆಯಲ್ಲಿ ಕಷ್ಟ ಬಂದರೆ ಪಿಠೋರಾ ದೇವರಿಗೆ ಹರಕೆ ಹೊರುತ್ತಾರೆ. ಹರಕೆ ತೀರಿಸುವುದು ಗೋಡೆಯ ಮೇಲೆ ಚಿತ್ರ ಬರೆಯಿಸಿ. ಮದುವೆಯಾಗದ ಹುಡುಗಿಯರು ಮೊದಲು ಗೋಡೆಗೆ ಸಗಣಿ ಸಾರಿಸಿ ಬಿಳಿಮಣ್ಣು ಬಳಿಯಬೇಕು. ಅವರು ಬಳಿಯದೆ ಚಿತ್ರವೇ ಇಲ್ಲ. ಆಮೇಲೆ ‘ಲಖಾರಾ’ ಎಂಬ ಬರೆಯುವವರು ಕೂಡಿ ಕುದುರೆಗಳನ್ನು ಬರೆಯುತ್ತಾರೆ. ಬಣ್ಣವನ್ನು ಕಲಸುವುದು ಹಾಲು ಮತ್ತು ಮಹುವಾ ಹೂವಿನ ಸಾರಾಯಿಯಲ್ಲಿ. (ಸಾರಾಯಿಯ ಮಾತು ಈ ರಾಜ್ಯದಲ್ಲಿ ಮೆಲ್ಲಗೆ ಆಡಬೇಕು.) ದೇವರ ಮದುವೆಯ ದಿಬ್ಬಣದ ನಡುವೆ ಈಚೆಗೆ ರೈಲು, ವಿಮಾನಗಳೂ ಬಂದು ಕೂಡಿಕೊಂಡಿವೆ, ಯಾರೂ ಆಕ್ಷೇಪಿಸಲಿಲ್ಲ. ಕೊನೆಗೆ ‘ಬಡವೋ’ ಎಂಬ ಪೂಜಾರಿ ಬಂದು ಚಿತ್ರವನ್ನು ಪರೀಕ್ಷಿಸುತ್ತಾನೆ. ಅವನೂ ನನ್ನ ಹಾಗೆ ತೀರ್ಪುಗಾರನೇ. ಆದರೆ ಅವನು ನೋಡುವುದು ಯಾರು ಚೆನ್ನಾಗಿ ಬರೆದರು ಎಂದಲ್ಲ. ಬರಬೇಕಾದವರೆಲ್ಲ ಗೋಡೆಯ ಮೇಲೆ ಬಂದರೆ, ಯಾರಾದರೂ ಬಿಟ್ಟುಹೋದರೆ ಎಂದು. ಇದನ್ನು ತಿಳಿದ ದಿನ ನನ್ನ ಪೆನ್ಸಿಲು ನೆನಪಾಗಿ ನಾಚಿಕೆಯಾಯಿತು.

ಮತ್ತೆ ನಮ್ಮ ಅಹಮದಾಬಾದಿನಲ್ಲಿಯೇ ‘ಮಾತಾನಿ ಪಛೇಡಿ’ಯಿದೆ. ಗುಡಿಯೊಳಗೆ ಹೋಗಗೊಡದ ಜನ ಬಟ್ಟೆಯ ಮೇಲೆಯೇ ದೇವಿಯನ್ನು ಬರೆದು, ಆ ಬಟ್ಟೆಯನ್ನು ಕಟ್ಟಿ ಗುಡಿ ಮಾಡಿಕೊಂಡರು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿ ಕಪ್ಪು ತೆಗೆಯುತ್ತಾರೆ. ಬಟ್ಟೆಗೆ ಮೊದಲು ಅಳಲೆಕಾಯಿಯ ನೀರು ಹಿಡಿಸುತ್ತಾರೆ. ತೊಳೆಯುವುದು ಹರಿಯುವ ಸಾಬರಮತಿಯಲ್ಲಿ. ಹಿರಿಯ ಬಿದಿರಿನ ಕಡ್ಡಿಯಿಂದ ಗೆರೆ ಹಾಕಿದರೆ ಮನೆಯ ಹೆಂಗಸರು ಮಕ್ಕಳು ಬಣ್ಣ ತುಂಬುತ್ತಾರೆ. ಈ ಕೆಲಸದ ಮನೆತನದವರೊಬ್ಬರಾದ ಭಾನುಭಾಯಿ ಚಿತಾರಾ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷ ಪಿಠೋರಾದ ಪರೇಶ ರಾಠವಾ ಅವರಿಗೂ. ಅಡ್ಡಹೆಸರು ನೋಡಿದಿರಾ? ಚಿತಾರಾ. ನಮ್ಮ ಚಿತ್ತಾರಕ್ಕೂ ಅದಕ್ಕೂ ಒಂದು ಒತ್ತಕ್ಷರದ ಅಂತರ. ಗುಜರಾತಿಗೆ ಬಂದು ನಾವು ಪರದೇಶಿಗಳಾದೆವೆಂದು ಕೊರಗುವವರು ಈ ಒತ್ತನ್ನು ಸ್ವಲ್ಪ ಯೋಚಿಸಬೇಕು.

ಇದೆಲ್ಲ ಹಳ್ಳಿಯ ಮಾತಾಯಿತು, ಓದಿದವರ ಮಾತೇನು ಎಂದು ಕೇಳುವಿರಿ. 1938ರ ಫೆಬ್ರುವರಿಯಲ್ಲಿ ಸೂರತ ಜಿಲ್ಲೆಯ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಸುಭಾಷ ಬೋಸರು ಅಧ್ಯಕ್ಷರು. ಗಾಂಧೀಜಿಯವರ ಮಾತಿನಂತೆ ಶಾಂತಿನಿಕೇತನದ ನಂದಲಾಲ ಬೋಸರು ಅಲ್ಲಿನ ಮಂಟಪಗಳಿಗೆ ಪಟಗಳನ್ನು ಸಿದ್ಧಪಡಿಸಿದರು. ಕೈಕಾಗದ, ಮಣ್ಣಿನ ಬಣ್ಣ. ಬರೆದದ್ದು ಬಡಗಿ, ಕುಂಬಾರ, ಡೋಲು ಬಡಿಯುವವ, ಗೂಳಿ, ಭತ್ತ ಕುಟ್ಟುವ ಹೆಂಗಸು. ಮೂಲಪಟಗಳನ್ನು ಅವರು ಬರೆಯುತ್ತ ಹೋದಂತೆ ಶಿಷ್ಯರು ಪ್ರತಿ ಮಾಡುತ್ತ ಹೋದರು. ಒಟ್ಟು ಸುಮಾರು 400 ಪಟಗಳಾದವು. ಮರುವರ್ಷವೇ ಅವರು ವಡೋದರೆಯ ಕೀರ್ತಿಮಂದಿರದ ಗೋಡೆಗಳನ್ನು ಕೈಗೆತ್ತಿಕೊಂಡರು. ಗಂಗಾವತರಣ, ಮೀರಾಬಾಯಿ, ನಟಿಯ ಪೂಜೆ, ಅಭಿಮನ್ಯುವಿನ ವಧೆ ಈ ನಾಲ್ಕು ಗೋಡೆಗಳ ಕೆಲಸ ಶಿಷ್ಯರೊಡನೆ 1946ರವರೆಗೆ ನಡೆಯಿತು. ವಟ್ವಾದಿಂದ ವಡೋದರೆ ರೈಲಿನಲ್ಲಿ ನೂರು ಕಿಲೋಮೀಟರಿನೊಳಗೆ. ನಮ್ಮಲ್ಲಿ ಎಷ್ಟು ಮಕ್ಕಳು ಆ ಗೋಡೆಗಳನ್ನು ಕಂಡಿದ್ದಾರೆ? ಕೈ ಎತ್ತಿರಿ. ... ಸರಿ, ಇರಲಿ.

ಅದೇ ವಡೋದರೆಯಲ್ಲಿ 1950ರಲ್ಲಿ ಆರಂಭವಾದ ಲಲಿತಕಲಾ ವಿಭಾಗದ ಮೇಳಗಳನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಕೆ. ಜಿ. ಸುಬ್ರಹ್ಮಣ್ಯನ್ನರಂಥ ಗುರುಗಳು ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು ಮರದ ಆಟಿಕೆ ಮಾಡುತ್ತಿದ್ದರು, ಮಕ್ಕಳಿಗೆ ಚಿತ್ರಪುಸ್ತಕ ಬರೆಯುತ್ತಿದ್ದರು, ಊರ ಜನ ಬಂದು ಕೊಳ್ಳುತ್ತಿದ್ದರು.

ಶಾಲೆಯ ಮಟ್ಟದಲ್ಲಿ ಎರಡು ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಒಂದು ಭಾವನಗರದ ಗಿಜುಭಾಯಿ ಬಧೇಕಾ. ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ತೆರೆದರು. ಮಕ್ಕಳ ಬಾಯಲ್ಲಿ ಅವರು ‘ಮೀಸೆಯ ತಾಯಿ’. ಅವರ ‘ದಿವಾಸ್ವಪ್ನ’ದ ಲಕ್ಷ್ಮೀರಾಮ ಮಾಸ್ತರನ ಪಾಡು ಓದಿದರೆ, ಕಥೆ, ಆಟ, ನಾಟಕಗಳಿಂದ ಕಲಿಸಹೊರಟವನಿಗೆ ಸಹೋದ್ಯೋಗಿಗಳು ಕೊಡುವ ಕಾಟ ಇಂದಿಗೂ ಬದಲಾಗಿಲ್ಲವೆಂದು ತಿಳಿಯುತ್ತದೆ. ಇನ್ನೊಂದು ನಮ್ಮ ಶಿವರಾಮ ಕಾರಂತರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಕೊಟ್ಟವರು, ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕ, ಚಿತ್ರಗಳನ್ನು ಮಕ್ಕಳ ಓದಿಗೆ ಬೆರೆಸಿ ನೋಡಿದವರು. ಇಬ್ಬರೂ ಕೈಯಿಂದ ಹಣ ಕಳೆದುಕೊಳ್ಳಲು ಹೆದರಿದವರಲ್ಲ.

ಈಗಿನ ಸರಕಾರಗಳಿಗೂ ಇದು ಗೊತ್ತಿಲ್ಲದಿಲ್ಲ. ಸಿ.ಬಿ.ಎಸ್.ಇ. ಮಂಡಳಿಯವರು 2020ರಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಕಲೆಯನ್ನು ಪಾಠದೊಡನೆ ಹೊಂದಿಸಿದ ಪ್ರಾಜೆಕ್ಟು ಮಾಡಿಸಬೇಕೆಂದು ಹೇಳಿದರು. ಉದ್ದೇಶ ಒಳ್ಳೆಯದು. ಆದರೆ ಪ್ರಾಜೆಕ್ಟಿನ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಸ್ಟೇಷನರಿ ಅಂಗಡಿಯ ಮುಂದೆ ಥರ್ಮಾಕೋಲಿಗಾಗಿ ನಿಂತ ತಂದೆಯರ ಸಾಲನ್ನು ನಾನು ನೋಡಿದ್ದೇನೆ. ಈ ಸಭೆಯಲ್ಲಿಯೂ ಕೆಲವರು ತಲೆ ತಗ್ಗಿಸಿದಂತೆ ಕಾಣುತ್ತದೆ.

ನನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಸಲದ ಬೇಸಗೆ ರಜೆಯಲ್ಲಿ ಒಂದು ಪ್ರಯೋಗ ಮಾಡಿದೆ. ನಮ್ಮ ಸೊಸೈಟಿಯಲ್ಲಿ ಕಾರು ನಿಲ್ಲಿಸುವ ಜಾಗ ಬೆಳಗಿನ ಹೊತ್ತು ಖಾಲಿ. ನಾಲ್ಕು ಹಳೆಯ ಪಂಚೆಗಳನ್ನು ಒಂದಕ್ಕೊಂದು ಹೊಲಿಸಿ ನೆಲಕ್ಕೆ ಹಾಸಿದೆ. ಹದಿನಾಲ್ಕು ಮಕ್ಕಳು ಬಂದರು. ಕನ್ನಡದವರು ಎಂಟು, ಉಳಿದವರು ಗುಜರಾತಿ, ಹಿಂದಿ ಮನೆಗಳವರು. ಬಣ್ಣದ ಪೆಟ್ಟಿಗೆ ತರಬೇಡಿರೆಂದು ಮೊದಲೇ ಹೇಳಿದ್ದೆ. ಕೆಮ್ಮಣ್ಣು (ಇಲ್ಲಿಯವರು ಗೇರು ಎನ್ನುತ್ತಾರೆ), ಸುಣ್ಣ, ದೀಪದ ಕಾಡಿಗೆ, ಅರಿಸಿನ, ನೆನೆಸಿದ ಜಾಲಿಯ ಗೋಂದು ಇಷ್ಟೇ ಸಾಮಾನು. ಈಚಲ ಕಡ್ಡಿಯ ತುದಿ ಜಜ್ಜಿದರೆ ಕುಂಚ.

ಮೊದಲನೆಯ ದಿನ ಜಗಳವೇ ಜಗಳ. ಎಂಟನೆಯ ತರಗತಿಯ ಹುಡುಗನೊಬ್ಬ ಅರ್ಧ ಬಟ್ಟೆಯನ್ನು ತನ್ನ ಒಂದೇ ರೈಲು ಎಂಜಿನಿನಿಂದ ತುಂಬಿಬಿಟ್ಟ. (ನಮ್ಮಲ್ಲಿ ಲೋಕೋ ಶೆಡ್ಡಿದೆಯಷ್ಟೆ.) ಚಿಕ್ಕವರು ಅತ್ತರು. ಒಬ್ಬ ಎಂಜಿನಿನ ಮೇಲೆ ಕಾಲಿಟ್ಟು ನಡೆದ. ನಾನು ಬಾಯಿ ಹಾಕಲಿಲ್ಲ, ಕಷ್ಟಪಟ್ಟು ಹಾಕಲಿಲ್ಲ. ಎರಡನೆಯ ದಿನ ಚಿಕ್ಕವರೇ ದಾರಿ ಕಂಡುಹಿಡಿದರು: ಅಷ್ಟು ದೊಡ್ಡ ಎಂಜಿನಿಗೆ ಡಬ್ಬಿಗಳು ಬೇಡವೆ? ಒಬ್ಬೊಬ್ಬರದು ಒಂದೊಂದು ಡಬ್ಬಿ. ಡಬ್ಬಿಯೊಳಗೆ ಅವರವರ ಮನೆ, ಅವರವರ ಬೆಕ್ಕು, ಒಬ್ಬಳ ಡಬ್ಬಿಯಲ್ಲಿ ಹುಬ್ಬಳ್ಳಿಯ ಅಜ್ಜಿ. ನಾನು ಯೋಚಿಸಿದ್ದರೆ ಇಷ್ಟು ಚೆನ್ನಾಗಿ ಹೊಳೆಯುತ್ತಿರಲಿಲ್ಲ.

ಆ ಹುಡುಗಿಯೂ ಬಂದಿದ್ದಳು. ಬರೆಯುವುದಿಲ್ಲವೆಂದು ಮೊದಲೇ ಹೇಳಿ ಬಂದಳು. ಬಣ್ಣ ಕಲಸುತ್ತೀಯಾ ಎಂದೆ. ಕಲಸಿದಳು. ಮೂರನೆಯ ದಿನ ಅರಿಸಿನದ ಬಟ್ಟಲಿಗೆ ಸುಣ್ಣದ ನೀರು ಬಿದ್ದು ಹಳದಿ ಹೋಗಿ ರಕ್ತಗೆಂಪಾಯಿತು. ಓಕುಳಿಯ ಗುಟ್ಟು ತಮಗೆಲ್ಲ ತಿಳಿದದ್ದೇ. ಆ ಮಕ್ಕಳಿಗೆ ಅದು ಇಂದ್ರಜಾಲ. ಅವಳು ಅದಕ್ಕೆ ಚಿಟಿಕೆ ಕಾಡಿಗೆ ಹಾಕಿ ತಿರುವಿ, ನನ್ನ ಕಡೆ ನೋಡಿ, ‘ಕಾಲುವೆಯ ಬಣ್ಣ’ ಎಂದಳು. ನಾನು ‘ಹೌದಮ್ಮಾ’ ಎಂದೆ. ರೈಲಿನ ಕೆಳಗೆ ಉದ್ದಕ್ಕೂ ಆ ಬಣ್ಣವನ್ನು ಬೇರೆ ಮಕ್ಕಳು ಬಳಿದರು. ಅವಳು ಇನ್ನೂ ಬರೆಯಲು ಕೈ ಹಾಕಿಲ್ಲ; ಬಣ್ಣದ ಬಟ್ಟಲುಗಳ ಯಜಮಾನಿಕೆ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ.

ಕನ್ನಡದ ಮಾತು ಹೇಳಬೇಕಷ್ಟೆ, ಇಂದು ರಾಜ್ಯೋತ್ಸವ. ನಮ್ಮ ಮಕ್ಕಳಿಗೆ ವರ್ಷಕ್ಕೊಂದು ಪದ್ಯ ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸುತ್ತೇವೆ; ಇಳಿದ ಮೇಲೆ ಮರೆಯುತ್ತಾರೆ. ಈ ಹತ್ತು ದಿನಗಳಲ್ಲಿ ನಾನು ಕನ್ನಡವನ್ನು ಕಲಿಸಲಿಲ್ಲ. ಆದರೆ ಕಲಸು, ತಿಕ್ಕು, ಹಿಂಡು, ಒರೆಸು, ಜರುಗು, ಎತ್ತಿ ಹಿಡಿ ಎಂಬ ಮಾತುಗಳು ಗುಜರಾತಿ ಮಕ್ಕಳ ಬಾಯಿಗೂ ಬಂದವು. ‘ಗೋಡೆಯ ಬಳಿ ಹೋಗಿ ಬಳಿ’ ಎಂದಾಗ ಎರಡು ಬಳಿಗಳನ್ನು ಕೇಳಿ ಅವರು ನಕ್ಕದ್ದು ನಕ್ಕದ್ದೇ. ಕೈಗೆ ಕೆಲಸವಿದ್ದಾಗ ಕ್ರಿಯಾಪದಗಳು ತಾವಾಗಿ ಬರುತ್ತವೆ. ನಮ್ಮ ವೇದಿಕೆಯ ಕನ್ನಡದಲ್ಲಿ ಬರಿಯ ನಾಮಪದಗಳು ಮೆರೆಯುತ್ತವೆ.

ಕೊನೆಯ ದಿನ ಹೆತ್ತವರನ್ನು ಕರೆದೆವು. ಒಬ್ಬ ತಂದೆ ಬಟ್ಟೆಯ ಸುತ್ತ ಎರಡು ಸಲ ತಿರುಗಿ, ‘ಮಾಸ್ತರೇ, ಇದರಲ್ಲಿ ನಮ್ಮ ಹುಡುಗನದು ಯಾವುದು?’ ಎಂದರು. ಹುಡುಗನೇ ಉತ್ತರ ಕೊಟ್ಟ: ‘ನಾನು ಬಟ್ಟೆ ಸುಕ್ಕಾಗದ ಹಾಗೆ ಹಿಡಿದುಕೊಂಡಿದ್ದೆ, ಅಪ್ಪಾ.’ ತಂದೆಯ ಮುಖ ಸಣ್ಣದಾಯಿತು, ಹುಡುಗನದು ಆಗಲಿಲ್ಲ.

ಇದರಲ್ಲಿ ಅಪಾಯವಿಲ್ಲವೆಂದು ನಾನು ಹೇಳಲಾರೆ. ನಿಜವಾಗಿ ಕೈಯಿರುವ ಮಗುವಿಗೆ ಒಂಟಿಯಾಗಿ ಕುಳಿತು ಬರೆಯುವ ಹೊತ್ತೂ ಬೇಕು. ಗುಂಪು ಅದನ್ನು ನುಂಗಬಾರದು. ಇನ್ನೊಂದು ಅಪಾಯ ನನ್ನಂಥವರಿಂದ. ಕೂಡಿ ಬರೆದ ಚಿತ್ರವೆಂದು ಹೆಸರಿಟ್ಟು, ಮಾಸ್ತರೇ ಗೆರೆ ಹಾಕಿ ಮಕ್ಕಳಿಂದ ಬಣ್ಣ ತುಂಬಿಸಿ ಫೋಟೋ ತೆಗೆಯಿಸುವುದು ಸುಲಭ. ಪಛೇಡಿಯ ಮನೆಯಲ್ಲಿಯೂ ಹರಿಪುರದಲ್ಲಿಯೂ ನಡೆದದ್ದು ಅದೇ ಅಲ್ಲವೆ ಎಂದು ನೀವು ಕೇಳಬಹುದು. ಅಲ್ಲಿ ಇಂದು ಬಣ್ಣ ತುಂಬಿದ ಮಗು ವರ್ಷಗಟ್ಟಲೆ ಅದೇ ಚಾಪೆಯ ಮೇಲೆ ಇರುತ್ತದೆ, ನಾಳೆ ಗೆರೆ ಅದರ ಕೈಗೆ ಬರುತ್ತದೆ. ನಮ್ಮಲ್ಲಿ ಅದು ಬರುವುದು ವರ್ಷಕ್ಕೊಂದು ದಿನ. ಆದುದರಿಂದ ಮೊದಲ ಗೆರೆಯೂ ಅವರದೇ ಆಗಬೇಕು, ಸೊಟ್ಟಗಾದರೂ.

ಈಗ ನನ್ನ ಬೇಡಿಕೆ. ಮುಂದಿನ ವರ್ಷದಿಂದ ಸಂಘದ ಚಿತ್ರಸ್ಪರ್ಧೆಯನ್ನು ನಿಲ್ಲಿಸೋಣ. ಬಹುಮಾನಕ್ಕೆ ಕಾದಿಟ್ಟ ಹಣದಲ್ಲಿ ಮಕ್ಕಳನ್ನು ಒಂದು ಭಾನುವಾರ ಕೀರ್ತಿಮಂದಿರಕ್ಕೆ ಕರೆದುಕೊಂಡು ಹೋಗೋಣ. ಜನವರಿಯಲ್ಲಿ ಉತ್ತರಾಯಣ ಮುಗಿದ ಮೇಲೆ, ವಾಸಿ ಉತ್ತರಾಯಣದ ಮರುದಿನ, ಬೇವಿನ ಮರಗಳಲ್ಲಿ ಸಿಕ್ಕಿ ಹರಿದ ಗಾಳಿಪಟಗಳನ್ನು ಮಕ್ಕಳು ಆಯಲಿ. ಮಾಂಜಾ ದಾರವನ್ನು ಮಾತ್ರ ದೊಡ್ಡವರು ಬಿಡಿಸಬೇಕು, ತಂತಿಯ ಹತ್ತಿರ ಯಾರೂ ಹೋಗಬಾರದು. ಆ ಕಾಗದ, ಆ ಬಿದಿರ ಕಡ್ಡಿಗಳಿಂದ ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ಮತ್ತು ಬೇಸಗೆಯಲ್ಲಿ ಈ ಸಲ ಬಟ್ಟೆ ಬೇಡ, ಗೋಡೆಯೇ ಬೇಕು.

ಗೋಡೆಗೆ ನಮ್ಮ ಸದಸ್ಯರೊಬ್ಬರು ಒಪ್ಪಿದ್ದಾರೆ. ರಸ್ತೆಗೆ ಮುಖವಾದ ಇಪ್ಪತ್ತಡಿ ಕಾಂಪೌಂಡು. ಗೇರು, ಗೋಂದಿನ ಖರ್ಚು ನನ್ನದು. ಸುಣ್ಣ ಕೊಡುವವರು ಸಿಕ್ಕಿದ್ದಾರೆ. ಬಣ್ಣದ ಬಟ್ಟಲುಗಳಿಗೆ ಯಜಮಾನಿ ಇದ್ದಾಳೆ, ಅದೋ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಗೋಡೆಗೆ ಮೊದಲು ಸಾರಿಸುವುದಕ್ಕೆ ಎರಡು ಬುಟ್ಟಿ ಸಗಣಿ ಬೇಕು. ಭರವಾಡರ ದನಗಳು ನಮ್ಮ ಬೀದಿಯಲ್ಲಿ ದಿನವೂ ತಿರುಗುತ್ತವೆ, ಕೊರತೆಯಿಲ್ಲ. ಅದನ್ನು ಎತ್ತಿಸುವ ಭಾರವನ್ನು ಕಾರ್ಯದರ್ಶಿಗಳು ಹೊರಬೇಕೆಂದು ಮೊನ್ನೆ ಕೇಳಿದೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.